ಸಹಾಯ ಬೇಕು: ತಮ್ಮನನ್ನು ಸ್ಪೆಷಲ್ ಒಲಿಂಪಿಕ್ಸ್‌ಗೆ ಸೇರಿಸುವುದು ಹೇಗೆ?

ನಮಸ್ಕಾರ, ನಾವು ಹಾಸನದವರು. ನನ್ನ ತಮ್ಮನಿಗೆ 14 ವರ್ಷ, ಡೌನ್ ಸಿಂಡ್ರೋಮ್ ಇದೆ. ಓಟ ಅಂದರೆ ಪ್ರಾಣ. ಆದರೆ ಶಾಲೆಯ ಸ್ಪೋರ್ಟ್ಸ್ ಡೇಯಲ್ಲಿ ಪ್ರತಿ ವರ್ಷ ಸುಮ್ನೆ ಚಪ್ಪಾಳೆ ತಟ್ಟಲು ಕೂರಿಸುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಸ್ಪೆಷಲ್ ಒಲಿಂಪಿಕ್ಸ್ ಭಾರತ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವ, 8 ವರ್ಷ ತುಂಬಿದ ಇಂಥ ಮಕ್ಕಳು ಸ್ಪರ್ಧಿಸಬಹುದು, ವಯಸ್ಸು, ಸಾಮರ್ಥ್ಯ ನೋಡಿ ಸರಿಜೋಡಿಯವರನ್ನೇ ಗುಂಪು ಮಾಡಿ ಓಡಿಸುತ್ತಾರೆ, 2023ರಲ್ಲಿ ಬರ್ಲಿನ್‌ನಲ್ಲಿ ನಡೆದ ಇದರ ವಿಶ್ವ ಕ್ರೀಡಾಕೂಟದಿಂದ ನಮ್ಮವರು 202 ಪದಕ ತಂದರಲ್ವಾ! (ಇದು ಪ್ಯಾರಾಲಿಂಪಿಕ್ಸ್ ಅಲ್ಲ ಅಂತ ಅಮ್ಮನಿಗೆ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು.) ತಮ್ಮನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇದೆ. ವಿಶೇಷ ಶಾಲೆಯ ಮೂಲಕವೇ ಹೋಗಬೇಕಾ, ನೇರವಾಗಿ ಹೆಸರು ಕೊಡಬಹುದಾ? ಡೌನ್ ಸಿಂಡ್ರೋಮ್ ಇದ್ದರೆ ಕತ್ತಿನ ಮೂಳೆಯ ಕೀಲು ಸಡಿಲ ಇರಬಹುದಂತೆ, ಅದಕ್ಕೆ ಮೊದಲು ಯಾವ ಡಾಕ್ಟರಿಗೆ ತೋರಿಸಿದಿರಿ? ಮಕ್ಕಳನ್ನು ಕಳಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.