ಮೂರನೇ ಲೇಯರಿಗೇ ಲೂಪ್ ಒಡೀತದೆ, ಮಿಕ್ಸರಿನಲ್ಲಿ ಕೆಂಪು ದೀಪವೇ ಇಲ್ಲ

ನೀರ್ಚಾಲು_ಮದ್ದಳೆ:
ನಮಸ್ಕಾರ. ಮನೆಯ ಚಾವಡಿಯಲ್ಲಿ ಒಬ್ಬನೇ ಕೂತು ಲೂಪ್ ಮಾಡುವವ ನಾನು, ಅಂದರೆ ಬಾರಿಸಿದ್ದನ್ನು ರೆಕಾರ್ಡ್ ಮಾಡಿ, ಅದು ತಿರುಗ್ತಾ ಇರುವಾಗ ಮೇಲಿಂದ ಲೇಯರ್ ಲೇಯರಾಗಿ ಸೇರಿಸುವುದು. ಮದ್ದಳೆಗೆ ಕಂಡೆನ್ಸರ್ ಮೈಕ್, ಹಾಡಿಗೂ ಶ್ರುತಿಪೆಟ್ಟಿಗೆಗೂ ಎಸ್‌ಎಂ58 ಮೈಕ್, ಎರಡೂ ಸಣ್ಣ ಮಿಕ್ಸರಿಗೆ. ಆಕ್ಸ್ ಸೆಂಡಿನಿಂದ (ಮಿಕ್ಸರಿನ ಸ್ವರದ ಒಂದು ಪಾಲನ್ನು ಬೇರೆ ಕಡೆಗೆ ಕಳಿಸುವ ದಾರಿ) ಗಿಟಾರಿನ ಲೂಪ್ ಪೆಡಲಿಗೆ, ಅಲ್ಲಿಂದ ವಾಪಸ್ ಮಿಕ್ಸರಿನ ಬೇರೊಂದು ಚಾನೆಲಿಗೆ. ಮೊದಲ ಲೇಯರ್ ಪರವಾಗಿಲ್ಲ. ಎರಡನೆಯದಕ್ಕೆ ಮದ್ದಳೆಯ ಛಾಪು ಪೆಟ್ಟು ಚಿರ್ರ್ ಅಂತದೆ, ಮೂರಕ್ಕೆ ಪೂರಾ ಒಡೀತದೆ. ಮಿಕ್ಸರಿನಲ್ಲಿ ಮಟ್ಟ ಮೀರಿದರೆ ಹೊತ್ತಬೇಕಾದ ಕೆಂಪು ದೀಪ ಹೊತ್ತುವುದೇ ಇಲ್ಲ. ಮೈಕಿನ ಗೇನ್ (ಮೈಕಿನ ಸಿಗ್ನಲನ್ನು ದೊಡ್ಡದು ಮಾಡುವ ನಾಬ್) ಇಳಿಸಿದರೆ ಒಡೆಯುವುದು ನಿಲ್ತದೆ, ಆದರೆ ಲೇಯರ್ ಸೇರಿದ ಹಾಗೆ ಸುಸ್ಸ್ ಅನ್ನುವ ಶಬ್ದ ಏರ್ತದೆ. ಹೊಸ ಪೆಡಲ್ ತೆಗೀಬೇಕಾ?

ಉಪ್ಪಳ_ಕೀಬೋರ್ಡ್:
ಮಧ್ಯದಲ್ಲಿ ಒಂದು ಕಂಪ್ರೆಸರ್ ಹಾಕಿ ನೋಡಿ, ಜೋರು ಪೆಟ್ಟನ್ನು ತಾನೇ ತಗ್ಗಿಸ್ತದೆ.

ಮೈಕ್‌ಸೆಟ್_ಪೆರ್ಲ:
ಪೆಡಲೂ ಬೇಡ, ಕಂಪ್ರೆಸರೂ ಬೇಡ ಮಾರಾಯ್ರೆ. ಏನೇ ಆದ್ರೂ ಮೊದಲು ಕಂಪ್ರೆಸರ್ ಹೇಳುವುದು ಈಗ ಒಂದು ರೋಗ ಆಗಿದೆ.

ಮಿಕ್ಸರಿನಿಂದ ಹೊರಡುವುದು ಲೈನ್ ಲೆವೆಲ್, ಅಂದರೆ ದೊಡ್ಡ ಸಿಗ್ನಲ್, ಲೆಕ್ಕಕ್ಕೆ +4 ಡಿಬಿಯು (ಸಿಗ್ನಲಿನ ವೋಲ್ಟೇಜ್ ಮಟ್ಟದ ಅಳತೆ). ನಿಮ್ಮ ಪೆಡಲ್ ಕಾಯುವುದು ಗಿಟಾರಿನ ಸಿಗ್ನಲಿಗೆ, ಅದು ಹೆಚ್ಚುಕಮ್ಮಿ -20ರ ಆಸುಪಾಸು. 24 ಡಿಬಿ ಅಂದರೆ ವೋಲ್ಟೇಜಿನಲ್ಲಿ ಸುಮಾರು 16 ಪಟ್ಟು. ಒಡೆಯುವುದು ಪೆಡಲಿನ ಒಳಗೆ. ಮಿಕ್ಸರಿನ ದೀಪಕ್ಕೆ ಅದು ಹೇಗೆ ಗೊತ್ತಾಗಬೇಕು?

ಮೇಲಿಂದ ಲೇಯರ್ ಕೂಡಿದ ಹಾಗೆ ಮಟ್ಟ ಏರ್ತದೆ. ಒಂದೇ ಮಟ್ಟದ ಬೇರೆ ಬೇರೆ ಎರಡು ಸ್ವರ ಸೇರಿದರೆ ಸರಾಸರಿ 3 ಡಿಬಿ, ನಾಲ್ಕು ಸೇರಿದರೆ 6. ಎರಡು ಪೆಟ್ಟು ಸರೀ ಒಂದರ ಮೇಲೊಂದು ಬಿದ್ದರೆ ಆ ಜಾಗದಲ್ಲಿ 6ರ ವರೆಗೂ ಹಾರ್ತದೆ. ನಿಮ್ಮ ಛಾಪಿಗೆ ಆಗುವುದು ಅದೇ.

ಹಾಗಾಗಿ ಮೈಕಿನ ಗೇನ್ ಮುಟ್ಟಬೇಡಿ. ಜೋರಾಗಿ ಬಾರಿಸುವಾಗಲೂ ದೀಪ ಹೊತ್ತದಷ್ಟು ಇಟ್ಟು ಬಿಡಿ. ಇಳಿಸಬೇಕಾದ್ದು ಆಕ್ಸಿನ ಮಾಸ್ಟರ್ ನಾಬ್. ಪೆಡಲಿಂದ ವಾಪಸ್ ಬರುವ ಚಾನೆಲಿನಲ್ಲಿ ಕಡಿಮೆ ಆದಷ್ಟನ್ನು ಏರಿಸಿ. ಮೈಕಿನಲ್ಲೇ ಇಳಿಸಿದರೆ ಸ್ವರ ಸುಸ್ಸಿನ ಹತ್ತಿರ ಇಳೀತದೆ, ಮತ್ತೆ ಪ್ರತೀ ಲೇಯರ್ ಆ ಸುಸ್ಸನ್ನೂ ಹೊತ್ತು ತರ್ತದೆ.

ಹಾಂ, ಆ ವಾಪಸ್ ಚಾನೆಲಿನ ಆಕ್ಸ್ ಸೆಂಡ್ ಸೊನ್ನೆಯಲ್ಲೇ ಇರಬೇಕು. ತೆರೆದಿದ್ದರೆ ಲೂಪ್ ತನ್ನೊಳಗೇ ಸುತ್ತಿ ಚಾವಡಿ ಹಾರಿಸ್ತದೆ.

ನೀರ್ಚಾಲು_ಮದ್ದಳೆ:
ಅಣ್ಣ, ಪೆಡಲಿನ ಮೇಲೆಯೇ ಲೆವೆಲ್ ನಾಬ್ ಉಂಟಲ್ಲ, ಅದನ್ನು ಇಳಿಸಿದರೆ ಸಾಕಾಗುವುದಿಲ್ಲವಾ?

ಮೈಕ್‌ಸೆಟ್_ಪೆರ್ಲ:
ಇಲ್ಲ, ಸಣ್ಣ ಪೆಡಲುಗಳಲ್ಲಿ ಅದು ಲೂಪ್ ತಿರುಗಿ ಕೇಳುವ ಮಟ್ಟ ಮಾತ್ರ. ಒಡೆದು ರೆಕಾರ್ಡ್ ಆದದ್ದು ಸಣ್ಣ ದನಿಯಲ್ಲಿ ಒಡೆದೇ ಕೇಳ್ತದೆ. ಆದರೆ ಪರೀಕ್ಷೆಗೆ ಒಳ್ಳೇದು: ಇಳಿಸಿದಾಗ ಚಿರ್ರ್ ಹೋದರೆ ತೊಂದರೆ ಪೆಡಲಿನ ಆಚೆ, ಮಿಕ್ಸರಿನಲ್ಲೋ ಸ್ಪೀಕರಿನಲ್ಲೋ. ಹಾಗೇ ಉಳಿದರೆ ನಾನು ಹೇಳಿದ್ದೇ.

ನೀರ್ಚಾಲು_ಮದ್ದಳೆ:
ನೋಡಿದೆ, ಹಾಗೇ ಉಳಿಯಿತು. ಆಕ್ಸ್ ಕಾಲು ಭಾಗಕ್ಕೆ ತಂದ ಮೇಲೆ ನಾಲ್ಕು ಲೇಯರ್ ಚೊಕ್ಕ ಬರ್ತದೆ. ಐದನೆಯದು, ಶ್ರುತಿ ಸೇರಿಸಿದಾಗ, ಮಾತ್ರ ಸ್ವಲ್ಪ ಗೊಗ್ಗರು.

ಉಪ್ಪಳ_ಕೀಬೋರ್ಡ್:
ಶ್ರುತಿಯನ್ನು ಲೂಪಿಗೆ ಹಾಕುವುದೇ ಯಾಕೆ? ಬಿಡುವೇ ಇಲ್ಲದ ಸ್ವರ ಅದು, ಇದ್ದ ಜಾಗವನ್ನೆಲ್ಲ ತಿಂತದೆ. ಲೂಪ್ ಮುಗಿದು ಶುರುವಾಗುವಲ್ಲಿ ಟಕ್ ಅಂತ ಕೇಳುವುದೂ ಅದರಲ್ಲೇ ಹೆಚ್ಚು. ಬೇರೆ ಚಾನೆಲಿನಲ್ಲಿ ಆಕ್ಸ್ ಮುಚ್ಚಿ ನೇರ ಸ್ಪೀಕರಿಗೆ ಬಿಡಿ.

ಮೈಕ್‌ಸೆಟ್_ಪೆರ್ಲ:
ಇದು ಸರಿ. ಕಂಪ್ರೆಸರಿಗಿಂತ ಒಳ್ಳೆ ಮಾತು.