ಪದಚರ್ಚೆ: ಹೊರಗೇ ಬಾರದವನದು ‘ಮರುಪ್ರವೇಶ’ ಹೇಗಾದೀತು?

ಬಲ್ಲವರಿಗೆ ನಮಸ್ಕಾರ.

ಪುಣೆಯ ಹಿಂಜವಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ವಿಜಯಪುರ, ಬೆಳಗಾವಿ ಕಡೆಯ ನಾಲ್ಕು ಹುಡುಗರಿಗೆ ಶನಿವಾರ ಸಂಜೆ ಸ್ಮಾರ್ಟ್ ಕಾಂಟ್ರ್ಯಾಕ್ಟಿನ (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಮಿನ) ಪಾಠ ಹೇಳುತ್ತಿದ್ದೇನೆ, ಕನ್ನಡದಲ್ಲೇ. ‘ರೀಎಂಟ್ರನ್ಸಿ’ಗೆ ಬಂದಾಗ ಬಂಡಿ ನಿಂತಿತು. ವಿಷಯ ಎಲ್ಲರಿಗೂ ತಿಳಿಯಿತು, ಹೆಸರು ಮಾತ್ರ ಸಿಗಲಿಲ್ಲ.

ವಿಷಯ ಇಷ್ಟು. ಠೇವಣಿ ಇಡುವ ಒಂದು ಕಾಂಟ್ರ್ಯಾಕ್ಟ್. ಹಣ ವಾಪಸು ಕೇಳಿದವನಿಗೆ ಅದು ಮೊದಲು ಈಥರ್ (ಎಥೀರಿಯಂ ಬ್ಲಾಕ್‌ಚೈನಿನ ನಾಣ್ಯ) ಕಳಿಸಿ, ಆಮೇಲೆ ಅವನ ಲೆಕ್ಕ ಸೊನ್ನೆ ಮಾಡುತ್ತದೆ. ಕೇಳಿದವನೂ ಕಾಂಟ್ರ್ಯಾಕ್ಟೇ ಆಗಿದ್ದರೆ ಹಣ ಮುಟ್ಟಿದ ಕೂಡಲೇ ಅವನ ಕೋಡ್ ಎದ್ದು ಮತ್ತೆ ಹಣ ವಾಪಸು ಕೊಡುವ ‘ವಿತ್‌ಡ್ರಾ’ ಕರೆಯಬಹುದು. ವಹಿಯಲ್ಲಿ ಹಳೇ ಬಾಕಿಯೇ ಇದೆಯಲ್ಲ, ಮತ್ತೆ ಹಣ. 2016ರ ಜೂನ್ 17ರಂದು ‘ದ ಡಿಎಒ’ ಎಂಬ ಎಥೀರಿಯಂ ಹೂಡಿಕೆ ನಿಧಿಯಿಂದ ಸುಮಾರು 36 ಲಕ್ಷ ಈಥರ್ ಸೋರಿದ್ದು ಹೀಗೆಯೇ.

ಇದನ್ನು ಲ್ಯಾಪ್‌ಟಾಪಿನಲ್ಲೇ ಫೌಂಡ್ರಿ (ಕಾಂಟ್ರ್ಯಾಕ್ಟ್ ಪರೀಕ್ಷಿಸುವ ಸಾಧನ) ಹಾಕಿ ತೋರಿಸಿದೆ. ಠೇವಣಿಯಲ್ಲಿ ಬೇರೆಯವರದು 10 ಈಥರ್, ಕಳ್ಳನದು 1. ಮೊದಲ ಸಲ ಕಳ್ಳತನವೇ ಆಗಲಿಲ್ಲ! ಬಾಕಿಯನ್ನು ಸೊನ್ನೆ ಮಾಡುವ ಬದಲು, ಕೊಟ್ಟ ಮೊತ್ತ ಕಳೆಯುವಂತೆ ಬರೆದಿದ್ದೆ. ಲೆಕ್ಕ ಸೊನ್ನೆಗಿಂತ ಕೆಳಗಿಳಿದರೆ ಸಾಲಿಡಿಟಿ 0.8 (ಕಾಂಟ್ರ್ಯಾಕ್ಟ್ ಬರೆಯುವ ಭಾಷೆ) ಇಡೀ ವ್ಯವಹಾರವನ್ನೇ ರದ್ದು ಮಾಡುತ್ತದೆ. ಹುಡುಗರು ನಕ್ಕರು. ತಿದ್ದಿ ಓಡಿಸಿದಾಗ ಠೇವಣಿ ಸೊನ್ನೆ, ಕಳ್ಳನ ಕೈಲಿ 11. ಟ್ರೇಸ್ (ಕರೆಗಳ ಜಾಡಿನ ಪಟ್ಟಿ) ತೆಗೆದರೆ 11 ವಿತ್‌ಡ್ರಾಗಳು ಒಂದರ ಹೊಟ್ಟೆಯಲ್ಲಿ ಒಂದು, ಮೆಟ್ಟಿಲಿಳಿದಂತೆ ಬಲಕ್ಕೆ ಸರಿಯುತ್ತ ಹೋಗಿವೆ. ಕೊನೆಯದು ಶುರುವಾಗುವ ಹೊತ್ತಿಗೆ ಮೊದಲನೆಯದೂ ಮುಗಿದಿಲ್ಲ.

ನನ್ನ ತಕರಾರು ಹುಟ್ಟಿದ್ದು ಆ ಮೆಟ್ಟಿಲು ನೋಡಿ. ‘ಮರುಪ್ರವೇಶ’ ಎಂದು ಬೋರ್ಡಿನ ಮೇಲೆ ಬರೆದದ್ದು ನಾನೇ. ಆದರೆ ಮರುಮುದ್ರಣ, ಮರುಮದುವೆ, ಮರುಎಣಿಕೆ ಎಲ್ಲದರಲ್ಲೂ ಮೊದಲನೆಯದು ಮುಗಿದಿರುತ್ತದೆ. ಇಲ್ಲಿ ಮುಗಿಯದಿರುವುದೇ ಕಳ್ಳನ ಬಂಡವಾಳ. ‘ಪುನಃಪ್ರವೇಶ’ಕ್ಕೂ ಇದೇ ಮಾತು. (ಕೆಲವರು ‘ಪುನರ್ಪ್ರವೇಶ’ ಎಂದು ಬರೆಯುತ್ತಾರೆ; ಪಕಾರದ ಮುಂದೆ ವಿಸರ್ಗ ರೇಫವಾಗುವುದಿಲ್ಲ. ಇದನ್ನು ಹೇಳದೆ ಬಿಡಲಾಗಲಿಲ್ಲ, ಕ್ಷಮಿಸಿ.)

ಅಚ್ಚಗನ್ನಡಕ್ಕೆ ಹೋದೆ. ‘ಮರುಹೊಗು’ ಎಂದರೆ ಹಿಂದಿನ ಬೆಂಚಿನವನು ‘ಮರೆಹೊಗು’ ಎಂದು ಬರೆದುಕೊಂಡ. ಕಳ್ಳ ಶರಣು ಬಂದಂತಾಯಿತು! ಅಲ್ಲದೆ ‘ಹೊಗು’ ಇಂದಿನ ಹುಡುಗರ ಕಣ್ಣಿಗೆ ‘ಹೋಗು’ವಿನ ಅಚ್ಚುತಪ್ಪು, ಅದರಿಂದ ನಾಮಪದ ಮಾಡಹೊರಟರೆ ‘ಹೊಗೆ’ ಏಳುತ್ತದೆ. ‘ಹೊಕ್ಕು’ ಆದರೆ ಎಲ್ಲರಿಗೂ ಗೊತ್ತು. ‘ಮಧ್ಯಪ್ರವೇಶ’ ಅರ್ಥಕ್ಕೆ ಹತ್ತಿರವೇ, ಆದರೆ ಅದನ್ನು ಕೋರ್ಟು, ಸರ್ಕಾರಗಳು ಎಂದೋ ಹಿಡಿದುಕೊಂಡಿವೆ. ಪಕ್ಕದ ಮರಾಠಿ ಗೆಳೆಯನನ್ನು ಕೇಳಿದರೆ ‘ಪರತ ಆತ ಘುಸಲಾ’ (ಮತ್ತೆ ಒಳನುಗ್ಗಿದ) ಎಂದು ಕೈ ತೊಳೆದುಕೊಂಡ. ಅವನದೂ ‘ಮತ್ತೆ’ಯೇ.

ಸದ್ಯಕ್ಕೆ ‘ನಡುನುಗ್ಗು’ ಎನ್ನುತ್ತಿದ್ದೇನೆ. ದಾಳಿಗೆ ಒಪ್ಪುತ್ತದೆ. ತೊಡಕು ಬೇರೆಡೆ ಇದೆ: ಹಳೆಯ ಸಿಸ್ಟಂ ಪ್ರೋಗ್ರಾಮಿಂಗಿನಲ್ಲಿ ‘ರೀಎಂಟ್ರಂಟ್’ ಎಂಬುದು ಹೊಗಳಿಕೆ. ಒಂದು ಕರೆ ಅರ್ಧಕ್ಕೆ ನಿಂತಿರುವಾಗ ಇನ್ನೊಂದು ಕರೆ ಬಂದರೂ ಕೆಡದ ಕೋಡ್ ಎಂದು ಅರ್ಥ. ಸಿ ಭಾಷೆಯಲ್ಲಿ ಅಕ್ಷರಸಾಲನ್ನು ತುಂಡರಿಸುವ ‘ಸ್ಟ್ರ್‌ಟಾಕ್’ಗೆ ಬಾಲದಲ್ಲಿ ‘ಆರ್’ ಸೇರಿಸಿದ ಇನ್ನೊಂದು ರೂಪವಿದೆ. ಆ ‘ಆರ್’ ಇದೇ ಗುಣದ ಗುರುತು. ಕಾಂಟ್ರ್ಯಾಕ್ಟಿನಲ್ಲೋ ‘ನಾನ್‌ರೀಎಂಟ್ರಂಟ್’ ಎಂದು ಬೀಗ ಹಾಕುತ್ತೇವೆ. ಅಲ್ಲಿ ಬಿರುದು, ಇಲ್ಲಿ ಬೈಗುಳ. ‘ನಡುನುಗ್ಗು ತಾಳುವ ಕೋಡ್’ ಎಂದರೆ ಎರಡೂ ಕಡೆ ನಡೆದೀತೆ? ಅಥವಾ ಎರಡಕ್ಕೆ ಎರಡು ಪದವೇ ಬೇಕೆ?

ಇನ್ನೊಂದು ಸಣ್ಣ ಪ್ರಶ್ನೆ. ಇಂಥ ಪ್ರಯೋಗಕ್ಕೆ ‘ಅಣಕು ದಾಳಿ’ ಎನ್ನುವುದು ರೂಢಿ. ನನಗೆ ಹಿಡಿಸದು. ಟೆಸ್ಟಿನಲ್ಲಿ ದಾಳಿ ಅಸಲಿಯೇ. ಹುಸಿಯಾದದ್ದು ಹಣ ಮಾತ್ರ.

ಕೊನೆಗೆ, ನಿಮ್ಮ ನಿಮ್ಮ ಊರಿನ ಮಾತು ಬೇಕು. ಮದುವೆ ಊಟದಲ್ಲಿ ಒಬ್ಬ ತನ್ನ ಎಲೆ ಮಡಿಸದೆಯೇ ಪಕ್ಕದ ಎಲೆಗೂ ಬಡಿಸಿಕೊಂಡರೆ ನಿಮ್ಮ ಕಡೆ ಅವನಿಗೆ ಏನನ್ನುತ್ತಾರೆ?