ಪಾಠದ ವೀಡಿಯೊ ಇಳಿಸಿದರೆ ಚಿತ್ರ ಒಂದು ಫೈಲ್, ಧ್ವನಿ ಇನ್ನೊಂದು, ಟಿವಿಯಲ್ಲೂ ಓಡುತ್ತಿಲ್ಲ

ಗಣಿತಪ್ರಿಯ (ಪ್ರಶ್ನೆ)

ಯೂಟ್ಯೂಬ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಗಣಿತ ಪಾಠಗಳ ಪ್ಲೇಲಿಸ್ಟ್ ಒಂದಿದೆ. 40 ವೀಡಿಯೊ, ಒಂದೊಂದೂ ಸುಮಾರು ಒಂದು ಗಂಟೆ. ಕಂಪ್ಯೂಟರ್‌ಗೆ ಇಳಿಸಿ, ಪೆನ್‌ಡ್ರೈವ್‌ಗೆ ಹಾಕಿ ಹಳೆಯ ಟಿವಿಯಲ್ಲಿ ನೋಡುವಂತಾಗಬೇಕು. ಲಿನಕ್ಸ್‌ನಲ್ಲಿ ವೈಟಿ-ಡಿಎಲ್‌ಪಿ (ಆಜ್ಞೆ ಬರೆದು ವೀಡಿಯೊ ಇಳಿಸುವ ತಂತ್ರಾಂಶ) ಬಳಸುತ್ತಿದ್ದೇನೆ. ಪ್ರತಿ ಪಾಠಕ್ಕೂ ಎರಡೆರಡು ಫೈಲ್ ಬರುತ್ತಿವೆ, ಒಂದರಲ್ಲಿ ಧ್ವನಿಯೇ ಇಲ್ಲ. ಕಂಪ್ಯೂಟರ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಿ ಚೆನ್ನಾಗಿ ಓಡುವ ಚಿತ್ರವನ್ನು ಟಿವಿ ಒಪ್ಪುವುದಿಲ್ಲ. ಇನ್ನು ಉದ್ದ ಕನ್ನಡ ಶೀರ್ಷಿಕೆಯ ಕೆಲವು ಪಾಠಗಳು "ಫೈಲ್ ಹೆಸರು ತೀರಾ ಉದ್ದ" ಎಂಬ ದೋಷ ಕೊಟ್ಟು ನಿಂತುಬಿಡುತ್ತವೆ. ಎಣಿಸಿದರೆ ಆ ಶೀರ್ಷಿಕೆಗಳು 100 ಅಕ್ಷರವನ್ನೂ ದಾಟುವುದಿಲ್ಲ.

ತೆರೆದಪುಟ

ಇಳಿಸುವ ಮೊದಲು ಒಂದು ಮಾತು. ಪರವಾನಗಿ ಮುಕ್ತವಾಗಿದ್ದರೂ, ಯೂಟ್ಯೂಬ್‌ನ ನಿಯಮದಂತೆ ಅವರದೇ ಡೌನ್‌ಲೋಡ್ ಸೌಲಭ್ಯ ಬಿಟ್ಟು ಬೇರೆ ದಾರಿಯಲ್ಲಿ ಇಳಿಸಲು ಲಿಖಿತ ಅನುಮತಿ ಬೇಕು. ಪ್ರೀಮಿಯಂ ಚಂದಾದಾರರು ಇಳಿಸಿಕೊಂಡದ್ದು ಆ ಆ್ಯಪ್‌ನೊಳಗೇ ಉಳಿಯುತ್ತದೆ, ಪೆನ್‌ಡ್ರೈವ್‌ಗೆ ಬರುವುದಿಲ್ಲ. ಆದ್ದರಿಂದ ಪಾಠ ತಯಾರಿಸಿದವರ ಸ್ವಂತ ಜಾಲತಾಣವನ್ನೂ ಇಂಟರ್ನೆಟ್ ಆರ್ಕೈವನ್ನೂ ಮೊದಲು ಹುಡುಕಿ. ಎಂಐಟಿ ಓಪನ್‌ಕೋರ್ಸ್‌ವೇರ್‌ನಂಥವರು ಪಾಠಗಳನ್ನು ಇಳಿಸಿಕೊಳ್ಳಲೆಂದೇ ಅಲ್ಲಿ ಇಟ್ಟಿದ್ದಾರೆ. ಚಿತ್ರ, ಧ್ವನಿ ಎರಡೂ ಒಂದೇ ಎಂಪಿ4 ಫೈಲ್‌ನಲ್ಲಿ ಸಿಕ್ಕಿಬಿಟ್ಟರೆ ನಿಮ್ಮ ಮೊದಲ ಎರಡು ತೊಂದರೆ ಹುಟ್ಟುವುದೇ ಇಲ್ಲ.

ಸಂಕೇತ_7

ಅಲ್ಲಿ ಸಿಗದೆ, ಅನುಮತಿ ಪಡೆದು ಮುಂದುವರಿಯುವುದಾದರೆ ಇದನ್ನು ನೋಡಿ.

ಯೂಟ್ಯೂಬ್ ಹೆಚ್ಚಿನ ಗುಣಮಟ್ಟದ ಚಿತ್ರವನ್ನೂ ಧ್ವನಿಯನ್ನೂ ಬೇರೆ ಬೇರೆಯಾಗಿಯೇ ಇಟ್ಟಿರುತ್ತದೆ. ಎರಡೂ ಕೂಡಿರುವ ಒಂದೇ ಫೈಲ್ ಈಗ ಸಾಮಾನ್ಯವಾಗಿ ಸಿಗುವುದು 360ಪಿ ಮಟ್ಟದಲ್ಲಿ ಮಾತ್ರ. ಹೆಚ್ಚಿನ ಗುಣಮಟ್ಟ ಕೇಳಿದರೆ ವೈಟಿ-ಡಿಎಲ್‌ಪಿ ಎರಡನ್ನೂ ತರುತ್ತದೆ, ಆದರೆ ಜೋಡಿಸುವ ಕೆಲಸ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ತಂತ್ರಾಂಶದ್ದು. ಅದು ನಿಮ್ಮಲ್ಲಿ ಇಲ್ಲ, ಹಾಗಾಗಿ ಜೋಡಿ ಹಾಗೇ ಉಳಿದಿದೆ. ಎಫ್‌ಎಫ್‌ಎಂಪೆಗ್ ಹಾಕಿಕೊಂಡರೆ ಜೋಡಣೆಗೆ ಕೆಲವೇ ಸೆಕೆಂಡು ಸಾಕು. ಅಲ್ಲಿ ಮರುಸಂಕೇತನ (ಚಿತ್ರ, ಧ್ವನಿಯನ್ನು ಬೇರೆ ವಿಧಾನದಲ್ಲಿ ಮತ್ತೆ ಕುಗ್ಗಿಸಿ ಬರೆಯುವುದು) ನಡೆಯುವುದಿಲ್ಲ, ಗುಣಮಟ್ಟವೂ ಇಳಿಯುವುದಿಲ್ಲ.

ಟಿವಿಯ ಸಮಸ್ಯೆ ಬೇರೆ. ಇಂಥದೇ ಸಂಕೇತನ ಬೇಕೆಂದು ಹೇಳದಿದ್ದರೆ ವೈಟಿ-ಡಿಎಲ್‌ಪಿ ಸಾಮಾನ್ಯವಾಗಿ ತನಗೆ ಉತ್ತಮವೆಂದು ಕಂಡದ್ದನ್ನು ಆರಿಸುತ್ತದೆ: ಚಿತ್ರಕ್ಕೆ ವಿಪಿ9 ಅಥವಾ ಎವಿ1, ಧ್ವನಿಗೆ ಓಪಸ್. ಹಳೆಯ ಟಿವಿಗೆ ಇವು ಅರ್ಥವಾಗುವುದಿಲ್ಲ. ಅದಕ್ಕೆ ಬೇಕಾದದ್ದು ಎಚ್.264 ಮತ್ತು ಎಎಸಿ. ಫೈಲ್ ಹೆಸರಿನ ಕೊನೆಯನ್ನು ಎಂಪಿ4 ಎಂದು ತಿದ್ದಿದರೆ ಒಳಗಿನ ಸಂಕೇತನ ಬದಲಾಗದು, ಆ ದಾರಿ ಹಿಡಿಯಬೇಡಿ.

ಲಿಂಕ್‌ಗೆ ಮೊದಲು ಅಡ್ಡಗೆರೆ ಮತ್ತು ದೊಡ್ಡಕ್ಷರದ ಎಫ್ ಕೊಟ್ಟರೆ, ಲಭ್ಯವಿರುವ ರೂಪಗಳ ಪಟ್ಟಿ ಸಂಖ್ಯೆಗಳೊಂದಿಗೆ ಬರುತ್ತದೆ. ಅದರಲ್ಲಿ 136 ಎಂದರೆ 720ಪಿ ಎಚ್.264 ಚಿತ್ರ, 137 ಎಂದರೆ 1080ಪಿ, 140 ಎಂದರೆ ಎಎಸಿ ಧ್ವನಿ. ಅಡ್ಡಗೆರೆ ಮತ್ತು ಸಣ್ಣಕ್ಷರದ ಎಫ್ ಬರೆದು, ಜಾಗ ಬಿಟ್ಟು 136+140 ಕೊಡಿ. ಬರಹ, ರೇಖಾಚಿತ್ರಗಳ ಪಾಠಕ್ಕೆ 720ಪಿ ಧಾರಾಳ ಸಾಕು. ಸಂಖ್ಯೆ ಬೇಡವೆಂದರೆ ಹೊಸ ಆವೃತ್ತಿಗಳಲ್ಲಿ ಅಡ್ಡಗೆರೆ, ಸಣ್ಣಕ್ಷರದ ಟಿ, ಜಾಗ, ಎಂಪಿ4 ಎಂದರೂ ಆದೀತು.

ಈಗಾಗಲೇ ಇಳಿಸಿದ ವಿಪಿ9 ಫೈಲ್‌ಗಳನ್ನು ಎಚ್.264ಕ್ಕೆ ಪರಿವರ್ತಿಸಲು ಕೂರಬೇಡಿ. 40 ಗಂಟೆಯ ಚಿತ್ರದ ಮರುಸಂಕೇತನಕ್ಕೆ ಹಿಡಿಯುವ ಸಮಯ ದೊಡ್ಡದು, ಚಿತ್ರವೂ ಒಂದಿಷ್ಟು ಕೆಡುತ್ತದೆ. ಸರಿಯಾದ ರೂಪವನ್ನೇ ಮತ್ತೆ ಇಳಿಸುವುದು ಲೇಸು.

ಒತ್ತಕ್ಷರ

ಹೆಸರಿನ ವಿಷಯಕ್ಕೆ ಬರುತ್ತೇನೆ. ಲಿನಕ್ಸ್‌ನ ಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯಲ್ಲಿ ಫೈಲ್ ಹೆಸರಿನ ಮಿತಿ 255 ಅಕ್ಷರವಲ್ಲ, 255 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ "ಕ್ಷ್ಮಿ"ಯಲ್ಲಿ ಆರು ಸಂಕೇತಗಳಿವೆ: ಕ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಷ, ವಿರಾಮ, ಮ, ಇಕಾರದ ಗುಣಿತ. ಒಟ್ಟು 18 ಬೈಟ್! ಅಂದರೆ ಪೂರ್ತಿ ಕನ್ನಡದ ಹೆಸರಿಗೆ 85 ಸಂಕೇತಕ್ಕಿಂತ ಹೆಚ್ಚು ಹಿಡಿಸದು. ಅದರಲ್ಲೂ ವೀಡಿಯೊ ಗುರುತು, ರೂಪದ ಸಂಖ್ಯೆ, ಇಳಿಯುವಾಗ ಅಂಟಿಕೊಳ್ಳುವ "ಪಾರ್ಟ್" ಎಂಬ ಬಾಲ, ಎಲ್ಲವೂ ಪಾಲು ಕೇಳುತ್ತವೆ.

ಹೆಸರಿನ ಮಾದರಿ ಕೊಡುವ ಆಯ್ಕೆಯಲ್ಲಿ ಟೈಟಲ್‌ನ ಆವರಣ ಮುಚ್ಚಿದ ಮೇಲೆ ಎಸ್ ಬದಲು ಚುಕ್ಕಿ, 150, ದೊಡ್ಡಕ್ಷರದ ಬಿ ಬರೆಯಿರಿ. ಆ ಬಿ ಎಂದರೆ ಬೈಟ್, ಶೀರ್ಷಿಕೆ 150 ಬೈಟ್‌ಗೆ ನಿಲ್ಲುತ್ತದೆ. ಕೊನೆಯ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿಹೋಗಬಹುದು, ಫೈಲ್‌ಗೆ ತೊಂದರೆಯಿಲ್ಲ. ಪ್ಲೇಲಿಸ್ಟ್‌ನ ಕ್ರಮಸಂಖ್ಯೆಯನ್ನು ಮೊದಲಿಗೆ ಮೂರಂಕಿಯಲ್ಲಿ ಇಡಿ. ಇಲ್ಲದಿದ್ದರೆ ಎಷ್ಟೋ ಟಿವಿಗಳು 10ನೆಯ ಪಾಠವನ್ನು 2ರ ಮೊದಲೇ ತೋರಿಸುತ್ತವೆ.

ಗಣಿತಪ್ರಿಯ

ಇಂಟರ್ನೆಟ್ ಆರ್ಕೈವ್‌ನಲ್ಲಿ ಇವು ಇಲ್ಲ. ಪಾಠ ಮಾಡಿದವರೇ ಹಕ್ಕುದಾರರು, ಅವರ ಒಪ್ಪಿಗೆ ಇದೆ, ಯೂಟ್ಯೂಬ್‌ನ ಅನುಮತಿಗೂ ಬರೆಯುತ್ತೇನೆ. ಎಫ್‌ಎಫ್‌ಎಂಪೆಗ್ ಹಾಕಿ ಹೊಸ ಆಜ್ಞೆಯನ್ನು ಪರೀಕ್ಷಿಸಿದರೆ, ಎಲ್ಲವೂ "ಈಗಾಗಲೇ ದಾಖಲಾಗಿದೆ" ಎಂದು ಹೇಳಿ ಒಂದನ್ನೂ ಇಳಿಸುತ್ತಿಲ್ಲ. ಫೋಲ್ಡರ್ ಖಾಲಿ ಇದೆ. ಒಟ್ಟು ಎಷ್ಟು ಜಾಗ ಬೇಕಾದೀತು?

ಸಂಕೇತ_7

ಡೌನ್‌ಲೋಡ್-ಆರ್ಕೈವ್ ಆಯ್ಕೆ ಬಳಸಿದ್ದೀರಿ. ಅದು ಇಳಿದ ವೀಡಿಯೊಗಳ ಗುರುತನ್ನು ಒಂದು ಪಠ್ಯ ಫೈಲ್‌ನಲ್ಲಿ ಬರೆದಿಡುತ್ತದೆ. ವೀಡಿಯೊ ಅಳಿಸಿದರೂ ಆ ಸಾಲು ಉಳಿಯುತ್ತದೆ, ಯಾವ ರೂಪದಲ್ಲಿ ಇಳಿಸಿದಿರಿ ಎಂಬುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳದು. ಪಠ್ಯ ಫೈಲನ್ನು ತೆಗೆದುಹಾಕಿ, ಹೊಸದು ತಾನಾಗಿ ಹುಟ್ಟುತ್ತದೆ. ಮುಂದೆ ನಡುವೆ ಸಂಪರ್ಕ ಕಡಿದರೆ ಅದೇ ಆಜ್ಞೆ ಮತ್ತೆ ಕೊಡಿ, ಅರ್ಧ ಇಳಿದದ್ದು ಅಲ್ಲಿಂದಲೇ ಮುಂದುವರಿಯುತ್ತದೆ. 403 ದೋಷ (ತಾಣ ಪ್ರವೇಶ ನಿರಾಕರಿಸಿದೆ ಎಂದರ್ಥ) ಬಂದರೆ ಮೊದಲು ವೈಟಿ-ಡಿಎಲ್‌ಪಿಯನ್ನೇ ನವೀಕರಿಸಿ. ತಾಣ ಬದಲಾದಾಗಲೆಲ್ಲ ಹಳೆಯ ಆವೃತ್ತಿ ಸೋಲುತ್ತದೆ.

ಜಾಗಕ್ಕೆ ರೂಪಗಳ ಪಟ್ಟಿಯ ಟಿಬಿಆರ್ (ಒಟ್ಟು ಬಿಟ್ ದರ) ಅಂಕಣ ನೋಡಿ. ಚಿತ್ರ, ಧ್ವನಿ ಸೇರಿ 1000ಕೆ ಇದ್ದರೆ ಸೆಕೆಂಡಿಗೆ 10 ಲಕ್ಷ ಬಿಟ್. 3600ರಿಂದ ಗುಣಿಸಿ 8ರಿಂದ ಭಾಗಿಸಿದರೆ ಗಂಟೆಗೆ 450 ಎಂಬಿ, 40 ಪಾಠಕ್ಕೆ 18 ಜಿಬಿ. ಪೆನ್‌ಡ್ರೈವ್‌ನಲ್ಲಿ ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆ ಇದ್ದರೂ ಅಡ್ಡಿಯಿಲ್ಲ, ಅದರ 4 ಜಿಬಿ ಮಿತಿ ಒಂದೊಂದು ಫೈಲ್‌ಗೆ ಮಾತ್ರ.

ನಲವತ್ತನ್ನೂ ಒಟ್ಟಿಗೆ ಓಡಿಸುವ ಮೊದಲು ಒಂದನ್ನು ಮಾತ್ರ ಇಳಿಸಿ ಟಿವಿಗೆ ಹಾಕಿ, ನಡುವಿಗೂ ಕೊನೆಗೂ ಹಾರಿಸಿ ನೋಡಿ.